ರಿಸೋರ್ಸ್ ಲೀಕ್: ಪೋರ್ಟು ಮುಚ್ಚುವ ಕೆಲಸ ಯಾರದು?

ಪ್ರೋಗ್ರಾಮೊಂದು ಆಪರೇಟಿಂಗ್ ಸಿಸ್ಟಮ್ಮಿನಿಂದ ಏನನ್ನಾದರೂ ಕೇಳಿ ಪಡೆದು, ಕೆಲಸ ಮುಗಿದ ಮೇಲೂ ವಾಪಸು ಕೊಡದೆ ಇಟ್ಟುಕೊಂಡರೆ ಅದು ರಿಸೋರ್ಸ್ ಲೀಕ್. ತೆರೆದ ಫೈಲು, ನೆಟ್‌ವರ್ಕ್ ಸಾಕೆಟ್, ಪೈಪ್ ಎಲ್ಲವೂ ಹೀಗೆ ಕೇಳಿ ಪಡೆದವೇ. ನಮ್ಮ ಕುಂಬಳೆ, ಬದಿಯಡ್ಕದ ಕಡೆ ಮದುವೆಗೆಂದು ಭಜನಾ ಮಂದಿರದಿಂದ ತಂದ ಕೊಪ್ಪರಿಗೆ ಅಟ್ಟದಲ್ಲೇ ಉಳಿದುಬಿಟ್ಟ ಹಾಗೆ: ಪಾತ್ರೆಗೇನೂ ಆಗಿಲ್ಲ, ಆದರೆ ಮುಂದಿನ ಮನೆಯವರು ಕೇಳಲು ಹೋದಾಗ ಮಂದಿರದಲ್ಲಿ ಒಂದೂ ಇಲ್ಲ.

ಸ್ಕೀಮ್ ಭಾಷೆಯಲ್ಲಿ ಇದು ಇನ್ನಷ್ಟು ಸ್ವಾರಸ್ಯದ ವಿಷಯ. 1975ರಲ್ಲಿ ಎಂಐಟಿಯಲ್ಲಿ ಜೆರಾಲ್ಡ್ ಸಸ್‌ಮನ್ ಮತ್ತು ಗೈ ಸ್ಟೀಲ್ ಹುಟ್ಟುಹಾಕಿದ ಈ ಪುಟ್ಟ ಭಾಷೆಯಲ್ಲಿ ಮೆಮೊರಿಯ ಚಿಂತೆ ಪ್ರೋಗ್ರಾಮರಿಗಿಲ್ಲ, ಬೇಡವಾದ ಮೆಮೊರಿಯನ್ನು ಕಸದಂತೆ ಗುಡಿಸಿ ತೆರವು ಮಾಡುವ ಗಾರ್ಬೇಜ್ ಕಲೆಕ್ಟರ್ ನೋಡಿಕೊಳ್ಳುತ್ತದೆ. ಹಾಗಾದರೆ ಫೈಲನ್ನೂ ಅದೇ ಮುಚ್ಚಲಿ ಎಂದು ಹೊಸಬರು ನಂಬುತ್ತಾರೆ. ತೆರೆದ ಫೈಲನ್ನು ಓದಲು, ಬರೆಯಲು ಸ್ಕೀಮ್ ಕೊಡುವ ಹಿಡಿಕೆಗೆ ಪೋರ್ಟು ಎಂದು ಹೆಸರು. ಸ್ಕೀಮ್ ಓಡಿಸುವ ಗೈಲ್‌ನಂಥ ಕೆಲವು ತಂತ್ರಾಂಶಗಳು ಯಾರೂ ಬಳಸದ ಪೋರ್ಟನ್ನು ಕಸದ ಜೊತೆ ಮುಚ್ಚುವುದೂ ನಿಜ. ಆದರೆ ಕಲೆಕ್ಟರ್ ಎಚ್ಚರಗೊಳ್ಳುವುದು ಮೆಮೊರಿ ತುಂಬಿದಾಗ. ತೆರೆದ ಫೈಲುಗಳ ಲೆಕ್ಕ ಅದಕ್ಕೆ ಗೊತ್ತಿಲ್ಲ. ಇದರಿಂದಾಗಿ ಮೆಮೊರಿ ಧಾರಾಳವಾಗಿರುವ ಹೊಸ ಕಂಪ್ಯೂಟರಿನಲ್ಲೇ ಪ್ರೋಗ್ರಾಮು ಮೊದಲು ಕೈಕೊಡುವ ವಿಚಿತ್ರವೂ ನಡೆಯಬಹುದು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಹವ್ಯಕ ಕನ್ನಡದ ಪದಗಳನ್ನು ಒಬ್ಬರು ಸಂಗ್ರಹಿಸಿದ್ದಾರೆ, ಪದಕ್ಕೊಂದು ಫೈಲಿನಂತೆ ಎರಡು ಸಾವಿರ ಫೈಲು. ಹೊಸತೆಲ್ಲ ಯುನಿಕೋಡ್, ಹಳೆಯವು ನುಡಿ, ಬರಹ ತಂತ್ರಾಂಶಗಳ ಹಳೇ ಫಾಂಟಿನವು. ಪ್ರೋಗ್ರಾಮು ಒಂದೊಂದನ್ನೇ 'ಕಾಲ್-ವಿತ್-ಇನ್‌ಪುಟ್-ಫೈಲ್' ಮೂಲಕ ತೆರೆದು ಓದುತ್ತದೆ. ಯುನಿಕೋಡ್ ಅಲ್ಲದ್ದು ಸಿಕ್ಕೊಡನೆ 'ರೈಸ್' ಎಂದು ದೋಷ ಎಬ್ಬಿಸುತ್ತದೆ. ಹೊರಗಿನ 'ಗಾರ್ಡ್' ಅದನ್ನು ಹಿಡಿದು, ಫೈಲಿನ ಹೆಸರು ಬರೆದುಕೊಂಡು, ಮುಂದಿನದಕ್ಕೆ ಹೋಗುತ್ತದೆ. ಹತ್ತು ಫೈಲಿನಲ್ಲಿ ಪರೀಕ್ಷಿಸಿದಾಗ ಎಲ್ಲ ಸರಿ. ಪೂರ್ತಿ ಸಂಗ್ರಹಕ್ಕೆ ಹಚ್ಚಿದಾಗ ಎಲ್ಲೋ ಒಂದು ಕಡೆ 'ಟೂ ಮೆನಿ ಓಪನ್ ಫೈಲ್ಸ್' ಎಂದು ನಿಂತುಬಿಡುತ್ತದೆ.

ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮಿನಲ್ಲಿ ಸಾಮಾನ್ಯವಾಗಿ ಒಂದು ಪ್ರೊಸೆಸ್ಸಿಗೆ, ಅಂದರೆ ಓಡುತ್ತಿರುವ ಒಂದು ಪ್ರೋಗ್ರಾಮಿಗೆ, ಒಂದೇ ಹೊತ್ತಿಗೆ ತೆರೆದಿಡಲು ಸಿಗುವುದು 1024 ಫೈಲು. ಅದರಲ್ಲಿ ಇನ್‌ಪುಟ್, ಔಟ್‌ಪುಟ್, ಎರರ್ ಎಂದು ಮೂರು ಮೊದಲೇ ಹೋಗಿರುತ್ತವೆ. ಹಳೇ ಫಾಂಟಿನ ಫೈಲು ಐವತ್ತೇ ಇದ್ದಿದ್ದರೆ ಲೀಕ್ ಇದ್ದದ್ದೇ ಯಾರಿಗೂ ತಿಳಿಯುತ್ತಿರಲಿಲ್ಲ.

ತಪ್ಪು ಎಲ್ಲಿ? ಕೆಲವು ಕೈಪಿಡಿಗಳು 'ಕಾಲ್-ವಿತ್-ಇನ್‌ಪುಟ್-ಫೈಲ್' ಬಗ್ಗೆ ಹೇಳುವುದು ಇಷ್ಟೇ: ಫೈಲು ತೆರೆಯುತ್ತದೆ, ನಿಮ್ಮ ಪ್ರೊಸೀಜರಿಗೆ (ಓದುವ ಕೆಲಸ ಮಾಡುವ ಕೋಡಿನ ತುಂಡಿಗೆ) ಪೋರ್ಟು ಕೊಡುತ್ತದೆ, ಅದು ಮರಳಿದ ಮೇಲೆ ಮುಚ್ಚುತ್ತದೆ. ಮರಳದಿದ್ದರೆ? 'ರೈಸ್' ಎಬ್ಬಿಸಿದ ದೋಷ ನಡುವಿನಿಂದಲೇ ಹೊರಗಿನ 'ಗಾರ್ಡ್'ಗೆ ಹಾರಿದಾಗ ಆಗುವುದು ಅದೇ. ಆ ಸಾಲು ಕೈಪಿಡಿಯಲ್ಲಿಲ್ಲ. ಸ್ಕೀಮ್ ಹೇಗಿರಬೇಕೆಂದು ವಿಧಿಸುವ ಸ್ಟಾಂಡರ್ಡ್ ತೆರೆದು ನೋಡಿದರೆ, 1998ರ ಆರ್5ಆರ್‌ಎಸ್‌ನಲ್ಲೂ 2013ರ ಆರ್7ಆರ್‌ಎಸ್‌ನಲ್ಲೂ ಅದು ಸ್ಪಷ್ಟವಾಗಿಯೇ ಇದೆ: ಪ್ರೊಸೀಜರ್ ಮರಳದಿದ್ದರೆ, ಆ ಪೋರ್ಟನ್ನು ಇನ್ನೆಂದೂ ಬಳಸುವುದಿಲ್ಲ ಎಂದು ಖಚಿತವಾಗದ ಹೊರತು ತಾನಾಗಿ ಮುಚ್ಚಕೂಡದು. ಇದಕ್ಕೆ ಕಾರಣವೂ ಉಂಟು. ಸ್ಕೀಮಿನ 'ಕಾಲ್-ಸಿಸಿ' ಬಳಸಿ ಪ್ರೊಸೀಜರಿನ ನಡುವಿನಿಂದ ಹೊರಗೆ ಹಾರಿ, ಆಮೇಲೆ ಅದೇ ಜಾಗಕ್ಕೆ ಒಳಗೆ ಬರಬಹುದು. ಹಾರಿದ ಕೂಡಲೇ ಪೋರ್ಟು ಮುಚ್ಚಿದರೆ, ಮರಳಿ ಬಂದವರಿಗೆ ಓದಲು ಏನೂ ಇರುವುದಿಲ್ಲ. ನನ್ನ ಮಟ್ಟಿಗೆ ಸ್ಟಾಂಡರ್ಡಿನ ನಿಲುವು ಸರಿ. ದೂರಬೇಕಾದದ್ದು ಈ ಮಾತನ್ನು ಕೈಬಿಟ್ಟ ಕೈಪಿಡಿಯನ್ನು.

ಪರಿಹಾರ ಸುಲಭ. 'ಗಾರ್ಡ್' ಹೊರಗಿದ್ದದ್ದನ್ನು ಪ್ರೊಸೀಜರಿನ ಒಳಗೆ ಹಾಕಿ. ದೋಷ ಅಲ್ಲೇ ಹಿಡಿದುಹೋಗುತ್ತದೆ, ಪ್ರೊಸೀಜರ್ ಸರಿಯಾಗಿ ಮರಳುತ್ತದೆ, ಪೋರ್ಟು ಮುಚ್ಚುತ್ತದೆ. 'ಡೈನಮಿಕ್-ವಿಂಡ್' ಬಳಸಿ ಎಂದು ಸಲಹೆ ಕೊಡುವವರು ಹೆಚ್ಚು. ಹೊರಹೋಗುವಾಗ ಮಾಡಬೇಕಾದ ಕೆಲಸವನ್ನು ಅದಕ್ಕೆ ಒಪ್ಪಿಸಬಹುದು ನಿಜ, ಆದರೆ ಹೊರಹೋದ ಪ್ರತಿ ಸಲವೂ ಅದು ಆ ಕೆಲಸ ಮಾಡಿಯೇ ಮಾಡುತ್ತದೆ. ಸಾಲು ಸಾಲಾಗಿ ಕೊಡುತ್ತಾ ನಡುನಡುವೆ ನಿಲ್ಲುವ ಜನರೇಟರ್ ಒಳಗಿದ್ದರೆ, ಮೊದಲ ಸಾಲಿಗೇ ಪೋರ್ಟು ಮುಚ್ಚಿಹೋಗುತ್ತದೆ.

ಬರೆಯುವ ಪೋರ್ಟಿನ ಕತೆ ಬೇರೆ. ಮುಚ್ಚದೆ ಬಿಟ್ಟರೆ ಕೊನೆಯ ಸಾಲುಗಳು ಬಫರಿನಲ್ಲೇ (ಬರೆದದ್ದು ತಾತ್ಕಾಲಿಕವಾಗಿ ನಿಲ್ಲುವ ಮೆಮೊರಿಯಲ್ಲೇ) ಉಳಿದು, ಫೈಲಿಗೆ ಇಳಿಯದೆ ಹೋಗಬಹುದು.

ಲೀಕ್ ಇದೆಯೋ ಎಂದು ನೋಡಲು ದೊಡ್ಡ ಉಪಕರಣ ಬೇಡ. ಕೇರಳದ ಶಾಲೆಗಳಲ್ಲಿ ಲಿನಕ್ಸೇ ಇರುವುದರಿಂದ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೂ ಅದು ಅಪರಿಚಿತವಲ್ಲ. ಪ್ರೋಗ್ರಾಮು ಓಡುತ್ತಿರುವಾಗ 'ಪ್ರಾಕ್' ಫೋಲ್ಡರಿನಲ್ಲಿ ಅದರ ಪ್ರೊಸೆಸ್ ಸಂಖ್ಯೆಯ ಕೆಳಗಿನ 'ಎಫ್‌ಡಿ'ಯನ್ನು ತೆರೆದರೆ, ಆ ಹೊತ್ತಿಗೆ ತೆರೆದಿರುವ ಫೈಲುಗಳೆಲ್ಲ ಹೆಸರು ಸಮೇತ ಕಾಣುತ್ತವೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿ. ಪಟ್ಟಿ ಬೆಳೆಯುತ್ತಲೇ ಇದ್ದರೆ, ಉಳಿದುಕೊಂಡ ಹೆಸರುಗಳನ್ನು ಗಮನಿಸಿ: ನಮ್ಮ ಉದಾಹರಣೆಯಲ್ಲಿ ಅವೆಲ್ಲ ಹಳೇ ಫಾಂಟಿನವೇ ಆಗಿರುತ್ತವೆ, ದೋಷದ ದಾರಿಯಲ್ಲೇ ಲೀಕ್ ಇದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. 'ಯೂಲಿಮಿಟ್' ಆಜ್ಞೆಯಿಂದ 1024ನ್ನು 4096 ಮಾಡಿ ಸುಮ್ಮನಾಗುವವರೂ ಇದ್ದಾರೆ. ಒಮ್ಮೆ ಓಡಿ ಮುಗಿಯುವ ಪ್ರೋಗ್ರಾಮಾದರೆ ಅಷ್ಟು ಸಾಕು, ಪ್ರೊಸೆಸ್ ಮುಗಿದಾಗ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನೆಲ್ ಎಲ್ಲವನ್ನೂ ವಾಪಸು ತೆಗೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ಓಡುವ ಸರ್ವರಿಗೆ ಆ ಉಪಾಯ ನಡೆಯದು.