ಲೆಕ್ಕ ಹಿಡಿಯಬೇಕಾದ್ದು ಬಾತು ಕೂತ ರಾತ್ರಿಯಿಂದ

ಕೆಲವು ಫೋನುಗಳಲ್ಲಿ ಮೊದಲ ವಾಕ್ಯ ಕೇಳಿದರೆ ಸಾಕು, ಮುಂದಿನದೆಲ್ಲ ನನಗೆ ಗೊತ್ತಾಗಿಬಿಡುತ್ತದೆ. "ಡಾಕ್ಟ್ರೇ, ಇಪ್ಪತ್ತೆಂಟು ದಿನ ಆಗೋಯ್ತು, ಒಂದು ಮರಿನೂ ಆಚೆ ಬಂದಿಲ್ಲ. ಒಂದು ಮೊಟ್ಟೆ ಒಡೆದು ನೋಡ್ಲಾ?" ಯಾವತ್ತಿನಿಂದ ಎಣಿಸಿದಿರಿ ಎಂದು ಕೇಳುತ್ತೇನೆ. "ಮೊದಲನೇ ಮೊಟ್ಟೆ ಇಟ್ಟಿತಲ್ಲ, ಅವತ್ತಿಂದ."

ಹಿತ್ತಲಲ್ಲಿ ನಾಲ್ಕು ಬಾತು ಸಾಕಿಕೊಂಡವರಿಗೆ ಮೇವು, ನೀರು, ನರಿ ನಾಯಿಗಳ ಕಾಟದ ಬಗ್ಗೆ ನಾನು ಹೇಳಿಕೊಡಬೇಕಾದ್ದು ಏನೂ ಇಲ್ಲ. ಆದರೆ ಈ ದಿನದ ಲೆಕ್ಕ ಮಾತ್ರ ಎಷ್ಟು ಹೇಳಿದರೂ ತಲೆಗೆ ಇಳಿಯುವುದಿಲ್ಲ. ಹಾಗಾಗಿ ಬಿಡಿಸಿಯೇ ಹೇಳುತ್ತೇನೆ.

ಬಾತು ದಿನಕ್ಕೆ ಒಂದೇ ಮೊಟ್ಟೆ ಇಡುವುದು, ಅದೂ ಸಾಮಾನ್ಯವಾಗಿ ನಸುಕಿನಲ್ಲಿ. ಮರಿ ಮಾಡುವ ಮನಸ್ಸಿರುವ ಬಾತು ಹತ್ತು ಹನ್ನೆರಡು ಮೊಟ್ಟೆ ಕೂಡಿಸಬೇಕಾದರೆ ಹೆಚ್ಚುಕಡಿಮೆ ಎರಡು ವಾರ ಬೇಕು. ಅಷ್ಟು ದಿನವೂ ಅದು ಗೂಡಿಗೆ ಬರುತ್ತದೆ, ಮೊಟ್ಟೆ ಇಡುತ್ತದೆ, ಮೇಲೆ ನಾಲ್ಕು ಹುಲ್ಲು ಎಳೆದು ಹೊರಟುಹೋಗುತ್ತದೆ. ಮುಟ್ಟಿ ನೋಡಿದರೆ ಮೊಟ್ಟೆ ತಣ್ಣಗಿರುತ್ತದೆ. "ತಾಯಿ ಬಿಟ್ಟುಹೋಗಿದೆ, ಮೊಟ್ಟೆ ಕೆಟ್ಟಿತು" ಎಂದು ಗಾಬರಿ ಬೀಳುವವರು ಇಲ್ಲೇ ಬೀಳುತ್ತಾರೆ. ತೆಗೆದುಕೊಂಡು ಹೋಗಿ ಬಲ್ಬಿನ ಕೆಳಗೆ ಇಡುವವರೂ ಇದ್ದಾರೆ.

ಗಂಡಿನೊಡನೆ ಕೂಡಿದ ಬಾತಿನ ಮೊಟ್ಟೆ ಹೊರಗೆ ಬರುವಾಗಲೇ ಅದರೊಳಗೆ ಜೀವ ಮೊಳೆತಿರುತ್ತದೆ. ಆದರೆ ಸುಮಾರು 20 ಡಿಗ್ರಿಗಿಂತ ಕೆಳಗೆ ಇಳಿದರೆ ಬೆಳವಣಿಗೆ ಅಲ್ಲಿಗೇ ನಿಲ್ಲುತ್ತದೆ. ಸತ್ತಿಲ್ಲ, ನಿಂತಿದೆ ಅಷ್ಟೆ. ಡಬ್ಬಿಯಲ್ಲಿಟ್ಟ ಬಿತ್ತನೆ ಬೀಜ ನೀರು ಬೀಳುವವರೆಗೆ ಕಾಯುವಂತೆ ಇದು ಕಾವಿಗಾಗಿ ಕಾಯುತ್ತದೆ. ಎಷ್ಟು ದಿನ ಕಾದೀತು ಎನ್ನುವುದು ಹವೆಯನ್ನು ಅವಲಂಬಿಸಿದೆ. ತಂಪಾದ ನೆರಳಿನಲ್ಲಿ ವಾರ, ಹತ್ತು ದಿನ ತೊಂದರೆಯಿಲ್ಲ. ಆಮೇಲೆ ಮರಿಯಾಗುವ ಸಾಧ್ಯತೆ ನಿಧಾನವಾಗಿ ಕಡಿಮೆಯಾಗುತ್ತದೆ. ಬಿರುಬೇಸಗೆಯಲ್ಲಿ ನಾನು ಇಷ್ಟು ಧೈರ್ಯ ಹೇಳಲಾರೆ, ಏಕೆಂದರೆ ಅರೆಬರೆ ಬಿಸಿಗೆ ಅರೆಬರೆ ಬೆಳೆದು ಸಾಯುವುದುಂಟು.

ಗೂಡು ತುಂಬಿತು ಅನ್ನಿಸಿದ ದಿನ ಬಾತು ಕಾವಿಗೆ ಕೂರುತ್ತದೆ. ಆಗ ಮೊದಲನೆಯ ಮೊಟ್ಟೆಯೂ ಹನ್ನೆರಡನೆಯದೂ ಒಟ್ಟಿಗೇ ಬೆಳೆಯತೊಡಗುತ್ತವೆ. ಎರಡು ವಾರದ ಅಂತರದಲ್ಲಿ ಇಟ್ಟ ಮೊಟ್ಟೆಗಳು ಒಂದೇ ದಿನ, ಹೆಚ್ಚೆಂದರೆ ಎರಡು ದಿನದೊಳಗೆ, ಒಡೆಯುವುದು ಹೀಗೆ. ಕಾವಿಗೆ ಕೂತ ದಿನದಿಂದ ಎಣಿಸಿ: ಸಾಮಾನ್ಯ ಬಾತಿಗೆ 28 ದಿನ, ಮಸ್ಕೊವಿ ಎಂಬ ಬೇರೆ ಜಾತಿಯ ಬಾತಿಗೆ 35. ಒಂದೆರಡು ದಿನ ಹಿಂದೆಮುಂದೆ ಆಗಬಹುದು. ಮಸ್ಕೊವಿ ಸಾಕಿದವರು 28ನೇ ದಿನ ಫೋನ್ ಮಾಡಿದರೆ ನಾನು ಎರಡು ಸಲ ನಿಟ್ಟುಸಿರು ಬಿಡುತ್ತೇನೆ.

ಕೂತಿತು ಎಂದು ತಿಳಿಯುವುದು ಹೇಗೆ? ರಾತ್ರಿ ನೋಡಿ. ಹಗಲು ಗೂಡಿನಲ್ಲಿ ಕೂತು ಸಂಜೆ ಉಳಿದವುಗಳ ಜೊತೆ ಸೇರಿದರೆ ಅದಿನ್ನೂ ಮನಸ್ಸು ಮಾಡಿಲ್ಲ. ಸತತ ಎರಡು ಮೂರು ರಾತ್ರಿ ಗೂಡಿನಲ್ಲೇ ಕಳೆದರೆ ಅವುಗಳಲ್ಲಿ ಮೊದಲನೆಯದನ್ನು ಗುರುತು ಹಾಕಿಕೊಳ್ಳಿ. ಎದೆಯ ನಯವಾದ ಪುಕ್ಕ ಕಿತ್ತು ಗೂಡಿಗೆ ಹಾಸಿರುತ್ತದೆ, ಹತ್ತಿರ ಹೋದರೆ ಬುಸ್ಸೆನ್ನುತ್ತದೆ. ದಿನಕ್ಕೆ ಒಂದೆರಡು ಸಲ ಎದ್ದು ತಿಂದು, ಮಿಂದು, ದೊಡ್ಡದೊಂದು ಹಿಕ್ಕೆ ಹಾಕಿ ಮರಳುತ್ತದೆ. ಆ ಹಿಕ್ಕೆಯ ನಾತಕ್ಕೆ ಹೆದರಿ, ಭೇದಿ ಇರಬೇಕೆಂದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ನನ್ನ ಮೇಜಿನ ಮೇಲೆ ತಂದಿಟ್ಟವರಿದ್ದಾರೆ. ದಯವಿಟ್ಟು ತರಬೇಡಿ. ಇಡೀ ದಿನ ತಡೆದು ಹಾಕಿದ್ದು, ಹಾಗೇ ಇರುತ್ತದೆ. ಆ ಇಪ್ಪತ್ತು ನಿಮಿಷ ಮೊಟ್ಟೆ ಆರಿದರೂ ಚಿಂತೆಯಿಲ್ಲ. ಒದ್ದೆ ಮೈಯಲ್ಲಿ ಬಂದು ಕೂರುವುದರಿಂದ ಮೊಟ್ಟೆಗೆ ಬೇಕಾದ ತೇವವೂ ಸಿಗುತ್ತದೆ.

ನಿವೃತ್ತ ಲೆಕ್ಕಪರಿಶೋಧಕರೊಬ್ಬರು ನನಗೆ ಪರಿಚಯ. ಒಂದೊಂದು ಮೊಟ್ಟೆಗೂ ಕ್ಯಾಲೆಂಡರಿನಲ್ಲಿ ಕೆಂಪು ಗುರುತು, ಪಕ್ಕದಲ್ಲಿ ತೂಕ. ಮೊದಲ ಗುರುತಿನಿಂದ ಮೂವತ್ತನೇ ದಿನ ಒಂದನ್ನು ಒಡೆದು, ಬಟ್ಟಲಿನಲ್ಲಿ ಹಿಡಿದುಕೊಂಡು ಬಂದರು. ಕಣ್ಣು, ಕೊಕ್ಕು ಎಲ್ಲ ಮೂಡಿದ ಜೀವ, ಇನ್ನೂ ಅಲುಗಾಡುತ್ತಿತ್ತು. ಕಾವಿನ ಲೆಕ್ಕದಲ್ಲಿ ಅದಕ್ಕೆ ಹದಿನಾರೋ ಹದಿನೇಳೋ ದಿನ. ಬಯ್ಯಬೇಕೆಂದು ಬಾಯಿ ತೆರೆದವನು ಅವರ ಮುಖ ನೋಡಿ ಸುಮ್ಮನಾದೆ. ಉಳಿದವು ಹೊತ್ತಿಗೆ ಸರಿಯಾಗಿ ಒಡೆದವು. ಈಗ ಬೇರೆಯವರ ಬಾತುಗಳಿಗೂ ಅವರೇ ಲೆಕ್ಕ ಬರೆದುಕೊಡುತ್ತಾರಂತೆ.

ಒಳಗೇನಿದೆ ಎಂದು ನೋಡಲೇಬೇಕಿದ್ದರೆ ಕಾವಿನ ಏಳರಿಂದ ಹತ್ತನೇ ದಿನದೊಳಗೆ, ಬಾತು ಎದ್ದು ಹೋದಾಗ, ಕತ್ತಲಲ್ಲಿ ಟಾರ್ಚ್ ಹಿಡಿದು ನೋಡಿ. ಜೇಡರ ಬಲೆಯಂತೆ ರಕ್ತನಾಳ ಕಂಡರೆ ಜೀವ ಇದೆ. ತಿಳಿಯಾಗಿ ಹೊಳೆದರೆ ಬಹುಮಟ್ಟಿಗೆ ಗೊಡ್ಡು.

ಇದೇ ಲೆಕ್ಕದ ಇನ್ನೊಂದು ಎಡವಟ್ಟು: ಕಾವಿಗೆ ಕೂತ ಬಾತಿನ ಗೂಡಿಗೆ ಉಳಿದ ಹೆಣ್ಣುಗಳೂ ಬಂದು ಮೊಟ್ಟೆ ಇಟ್ಟುಹೋಗುತ್ತವೆ. "ಇನ್ನಷ್ಟು ಮರಿ ಬರಲಿ" ಎಂದು ಮನೆಯವರು ಖುಷಿಯಾಗಿ ಬಿಡುತ್ತಾರೆ. ಮೊದಲ ಮರಿಗಳು ಮೈ ಒಣಗಿಸಿಕೊಂಡು ಒಂದೆರಡು ದಿನದಲ್ಲಿ ಹೊರಟಾಗ ತಾಯಿಯೂ ಅವುಗಳ ಜೊತೆ ಹೊರಡುತ್ತದೆ. ತಡವಾಗಿ ಸೇರಿದ ಮೊಟ್ಟೆಗಳಲ್ಲಿನ ಜೀವ ಅಲ್ಲೇ ತಣ್ಣಗಾಗುತ್ತದೆ. ಈ ತಣ್ಣಗಾಗುವುದು ಮಾತ್ರ ನಿಜಕ್ಕೂ ಸಾವೇ, ಏಕೆಂದರೆ ಬೆಳೆಯುತ್ತಿದ್ದುದು ಮತ್ತೆ ನಿಂತು ಕಾಯಲಾರದು. ಅದಕ್ಕೇ, ಕೂತ ದಿನ ಎಲ್ಲ ಮೊಟ್ಟೆಗೂ ಪೆನ್ಸಿಲಿನಲ್ಲಿ ಗುರುತು ಹಾಕಿ. ಗುರುತಿಲ್ಲದ್ದನ್ನು ಆಯಾ ದಿನವೇ ತೆಗೆದುಬಿಡಿ.

ಚಿಪ್ಪು ಬಿರುಕು ಬಿಟ್ಟ ಮೇಲೆ ಮರಿ ಹೊರಬರಲು ಒಂದು ದಿನ, ಕೆಲವೊಮ್ಮೆ ಎರಡು ದಿನ ಹಿಡಿಯುತ್ತದೆ. ಚಿಪ್ಪಿನ ಒಳಪೊರೆಯಲ್ಲಿ ಆಗಿನ್ನೂ ರಕ್ತ ಓಡುತ್ತಿರುತ್ತದೆ, ಹಳದಿ ಪೂರ್ತಿ ಹೊಟ್ಟೆಯೊಳಗೆ ಸೇರಿರುವುದಿಲ್ಲ. ನಿಮ್ಮ ಉಗುರಿಗೆ ಅಲ್ಲಿ ಕೆಲಸವಿಲ್ಲ.

ಖಾಕಿ ಕ್ಯಾಂಪ್‌ಬೆಲ್, ಇಂಡಿಯನ್ ರನ್ನರ್ ಸಾಕಿದವರು ಕಾವಿಗೆ ಕಾಯುತ್ತ ಕೂರಬೇಡಿ; ಮೊಟ್ಟೆಗೆಂದೇ ಬೆಳೆಸಿದ ಈ ತಳಿಗಳು ಕೂರುವುದು ಅಪರೂಪ. ಗಂಡೇ ಇಲ್ಲದ ಹಿತ್ತಲಲ್ಲಿ ಇದಕ್ಕೆ ಉಲ್ಟಾ ಪ್ರಸಂಗ: ಗೊಡ್ಡು ಮೊಟ್ಟೆಯ ಮೇಲೆ ಬಾತು ವಾರಗಟ್ಟಲೆ ಕೂತು ಸೊರಗುತ್ತದೆ. ಅಂಥಲ್ಲಿ ಮೊಟ್ಟೆ, ಪುಕ್ಕ, ಹಾಸು ಎಲ್ಲ ತೆಗೆದು ಗೂಡಿನ ಬಾಯಿ ಮುಚ್ಚಿ. ಹಳೆಯ ಮೊಟ್ಟೆಯನ್ನು ಮೆಲ್ಲಗೆ ಎತ್ತಿ ದೂರದಲ್ಲಿ ಹೂಳಿ. ಕೈಯಲ್ಲೇ ಸಿಡಿದರೆ ಆ ವಾಸನೆ ಎರಡು ಸ್ನಾನಕ್ಕೂ ಬಿಡುವುದಿಲ್ಲ.