ಇಟೊಮೊರಿಗೆ ಟಿಕೆಟ್ ಸಿಗುತ್ತದೆಯೇ?

ಪ್ರಶ್ನೆ: ಜಪಾನಿನ ಅನಿಮೇಷನ್ ಚಿತ್ರ ‘ಯುವರ್ ನೇಮ್’ ಅನ್ನು ನಾಲ್ಕೈದು ಸಲ ನೋಡಿದ್ದೇನೆ. ಮುಂದಿನ ವರ್ಷ ಜಪಾನಿಗೆ ಹೋಗಿ ನಾಯಕಿ ಮಿತ್ಸುಹಾಳ ಊರಾದ ಇಟೊಮೊರಿಯನ್ನೂ ಚಿತ್ರದ ಬೇರೆ ಜಾಗಗಳನ್ನೂ ನೋಡಬೇಕೆಂಬ ಆಸೆ. ಎಲ್ಲಿಂದ ಶುರು ಮಾಡಲಿ, ಎಷ್ಟು ದಿನ ಬೇಕಾದೀತು?

ಉತ್ತರ: ಬೇಸರದ ಮಾತನ್ನು ಮೊದಲೇ ಹೇಳಿ ಮುಗಿಸುತ್ತೇನೆ. ಇಟೊಮೊರಿ ಎಂಬ ಊರು ಜಪಾನಿನ ಯಾವ ನಕ್ಷೆಯಲ್ಲಿಯೂ ಇಲ್ಲ. ಕಥೆ ಅದನ್ನು ಗಿಫು ಪ್ರಾಂತ್ಯದ ಹಿದಾ ಸೀಮೆಯ ಬೆಟ್ಟಗಳ ನಡುವೆ ಇಟ್ಟಿದೆ. ಆದರೆ ಚಿತ್ರದಲ್ಲಿ ಆ ಊರಿನ ನಡುವಿರುವ ಸರೋವರದ ನೋಟವನ್ನು ಹುಡುಕಿಕೊಂಡು ಅಭಿಮಾನಿಗಳು ಹೋಗುವುದು ಪಕ್ಕದ ನಗಾನೊ ಪ್ರಾಂತ್ಯದ ಸುವಾ ಸರೋವರಕ್ಕೆ. ನಿರ್ದೇಶಕ ಮಕೊತೊ ಶಿಂಕಾಯ್ ಹುಟ್ಟಿ ಬೆಳೆದದ್ದೂ ನಗಾನೊದ ಗುಡ್ಡಗಾಡಿನಲ್ಲೇ. ಕೊನೆಯ ದೃಶ್ಯದ ಮೆಟ್ಟಿಲುಗಳಂತೂ ಟೋಕಿಯೊ ನಗರದೊಳಗೆ ಇವೆ. ಹಾಗಾಗಿ ನೀವು ಒಂದು ಊರಿಗಲ್ಲ, ಮೂರು ಊರುಗಳಿಗೆ ಹೋಗಬೇಕಾಗುತ್ತದೆ.

ಇಂಥ ಪ್ರವಾಸಕ್ಕೆ ಜಪಾನಿನಲ್ಲಿ ‘ಸೇಚಿ ಜುನ್‌ರೇ’ ಎನ್ನುತ್ತಾರೆ, ಅಂದರೆ ಪುಣ್ಯಕ್ಷೇತ್ರಗಳ ಯಾತ್ರೆ. ತಮಾಷೆಯಲ್ಲ, ಅಲ್ಲಿ 2016ರಲ್ಲಿ ಅನಿಮೆ (ಜಪಾನಿ ಅನಿಮೇಷನ್) ಪ್ರವಾಸಕ್ಕೆಂದೇ ಒಂದು ಸಂಘ ಹುಟ್ಟಿಕೊಂಡಿತು. ಶಿಕೊಕು ದ್ವೀಪದ 88 ದೇಗುಲಗಳ ಯಾತ್ರೆಯನ್ನು ನೆನಪಿಸುವಂತೆ ಅದು 88 ಅನಿಮೆ ತಾಣಗಳ ಪಟ್ಟಿಯನ್ನೂ ಮಾಡಿತು. ಅಂತರ್ಜಾಲದಲ್ಲಿ ಓಡಾಡುವ ಪಟ್ಟಿಗಳ ಮಾತು ಬೇರೆ. ‘ಇದು ಥೇಟ್ ಹಾಗೆಯೇ ಇದೆ’ ಎನ್ನುವುದಕ್ಕೂ ‘ಇದನ್ನೇ ನೋಡಿ ಬರೆದದ್ದು’ ಎನ್ನುವುದಕ್ಕೂ ಅವು ವ್ಯತ್ಯಾಸ ಮಾಡುವುದಿಲ್ಲ. ತೈವಾನಿನ ಜಿಯುಫೆನ್ ‘ಸ್ಪಿರಿಟೆಡ್ ಅವೇ’ ಚಿತ್ರದ ಊರೆಂದು ಇಂದಿಗೂ ಜನ ಮುಗಿಬೀಳುತ್ತಾರೆ. ಅದು ಹಾಗಲ್ಲ ಎಂದು ಆ ಚಿತ್ರದ ನಿರ್ದೇಶಕ ಮಿಯಾಝಾಕಿಯವರೇ ಹೇಳಿಯಾಗಿದೆ.

ಇನ್ನು ದಾರಿ. ಟೋಕಿಯೊದ ಶಿಂಜುಕು ನಿಲ್ದಾಣದಿಂದ ‘ಅಝುಸಾ’ ಎಕ್ಸ್‌ಪ್ರೆಸ್ ಹಿಡಿದರೆ ಎರಡು ಗಂಟೆ ಚಿಲ್ಲರೆಯಲ್ಲಿ ಸುವಾ ಸರೋವರದ ದಡದ ಕಾಮಿಸುವಾ. ನಿಲ್ದಾಣದ ಹಿಂದಿನ ಗುಡ್ಡದ ಮೇಲೆ ತತೆಇಶಿ ಉದ್ಯಾನವಿದೆ. ಏರು ದಾರಿ, ಹೋಗುವಾಗ ಟ್ಯಾಕ್ಸಿ ಮಾಡಿಕೊಂಡು ಬರುವಾಗ ನಡೆದು ಇಳಿಯಿರಿ. ಸಂಜೆಯ ಹೊತ್ತಿಗೇ ಹೋಗಬೇಕು. ಚಿತ್ರದಲ್ಲಿ ‘ಕತಾವರೆದೊಕಿ’ ಎಂಬ ಮಾತು ಬರುತ್ತದಲ್ಲ, ಎದುರಿಗಿರುವವರು ಯಾರೆಂದು ಗುರುತು ಹತ್ತದ ಆ ಮಬ್ಬುಹೊತ್ತು, ನಮ್ಮ ಮುಸ್ಸಂಜೆ, ಆಗ ಕೆಳಗಿನ ಊರಿನ ದೀಪಗಳು ಒಂದೊಂದಾಗಿ ಹೊತ್ತಿಕೊಂಡು ನೀರಿನ ಸುತ್ತ ಬಳೆಯಂತೆ ಕೂಡಿಕೊಳ್ಳುತ್ತವೆ. ಸರೋವರದ ಸುತ್ತಳತೆ 16 ಕಿಲೊಮೀಟರ್‌ನಷ್ಟು.

ಮರುದಿನ ಮತ್ಸುಮೊತೊಗೆ ರೈಲು, ಅಲ್ಲಿಂದ ಬೆಟ್ಟಸಾಲನ್ನು ದಾಟಿ ತಕಾಯಾಮಾಗೆ ಬಸ್ಸು, ಮತ್ತೆ ಹದಿನೈದು ನಿಮಿಷ ರೈಲು. ಅಲ್ಲಿಗೆ ಹಿದಾ-ಫುರುಕಾವಾ ತಲುಪಿದಿರಿ. ಇಲ್ಲಿ ಮಾತ್ರ ಆತುರ ಬೇಡ. ಚಿತ್ರದ ನಾಯಕ ಟಾಕಿ ಮತ್ತು ಅವನ ಇಬ್ಬರು ಜೊತೆಗಾರರು ಇಳಿಯುವ ನಿಲ್ದಾಣ ಇದೇ. ಹಳಿಗಳ ಮೇಲಿನ ಕಾಲುಸೇತುವೆಯಲ್ಲಿ ನಿಂತು ಕೆಳಗೆ ರೈಲು ಬರುವುದನ್ನು ಕಾದರೆ ಚಿತ್ರದ ಚೌಕಟ್ಟು ಕಣ್ಣೆದುರು ಕೂಡಿಕೊಳ್ಳುತ್ತದೆ. ಆದರೆ ರೈಲು ಅದಲ್ಲ. ಚಿತ್ರದಲ್ಲಿದ್ದ ಕಿಹಾ 85 ಮಾದರಿಯ ಡೀಸೆಲ್ ಬಂಡಿಗಳು 2023ರಲ್ಲಿ ಈ ಮಾರ್ಗದಿಂದ ನಿವೃತ್ತವಾದವು. ಈಗ ಬರುವುದು ಎಚ್‌ಸಿ 85 ಎಂಬ ಹೈಬ್ರಿಡ್ ಬಂಡಿ. ನನ್ನನ್ನು ಕೇಳಿದರೆ ಈ ಕಥೆಗೆ ಅದು ಹೊಂದುವಂಥದ್ದೇ: ಜಾಗ ಸರಿಯಿದೆ, ಕಾಲ ತಪ್ಪಿದೆ.

ಟಾಕಿ ಹಳೆಯ ದಾಖಲೆಗಳನ್ನು ಹುಡುಕುವ ಗ್ರಂಥಾಲಯಕ್ಕೆ ಮಾದರಿ ಹಿದಾ ನಗರ ಗ್ರಂಥಾಲಯ, ನಿಲ್ದಾಣದಿಂದ ನಡೆದೇ ಹೋಗಬಹುದು. ಕೌಂಟರಿನಲ್ಲಿ ಹೇಳಿ, ಓದುತ್ತಿರುವವರ ಮುಖ ಬಾರದಂತೆ ಫೋಟೊ ತೆಗೆದುಕೊಳ್ಳಬಹುದು. ಅಲ್ಲಿಂದ ಸೆತೊ ಕಾಲುವೆಯ ದಡಕ್ಕೆ ಬನ್ನಿ. ಒಂದು ಬದಿಗೆ ಬಿಳಿಗೋಡೆಯ ಹಳೆಯ ಉಗ್ರಾಣಗಳು, ಕಾಲುವೆಯ ತುಂಬ ದಪ್ಪ ದಪ್ಪ ಬಣ್ಣದ ಮೀನುಗಳು. ಚಳಿಗಾಲದಲ್ಲಿ ಹೋದರೆ ಮೀನುಗಳಿರುವುದಿಲ್ಲ, ಅವುಗಳನ್ನು ಕೊಳಕ್ಕೆ ಸಾಗಿಸಿರುತ್ತಾರೆ. ಏಪ್ರಿಲ್ 19 ಮತ್ತು 20ರಂದು ಊರಹಬ್ಬ. ಇಡೀ ಊರು ನಡುರಾತ್ರಿಯವರೆಗೂ ನಗಾರಿ ಬಡಿಯುತ್ತದೆ. ಆಗ ತಂಗಲು ಕೋಣೆ ಬೇಕಿದ್ದರೆ ತಿಂಗಳುಗಳ ಮೊದಲೇ ಕಾದಿರಿಸಬೇಕು.

ಹಿಂದಿರುಗುವಾಗ ನಗೋಯಾ ಮೂಲಕ ಬನ್ನಿ. ಚಿತ್ರದ ಮೂವರು ಬಂದದ್ದು ಅದೇ ದಾರಿಯಲ್ಲಿ, ನೀವು ಅದನ್ನು ತಿರುವುಮುರುವಾಗಿ ಸವೆಸಿದಂತಾಗುತ್ತದೆ. ಸುವಾದಲ್ಲಿ ಒಂದು ರಾತ್ರಿ, ಫುರುಕಾವಾ ಅಥವಾ ತಕಾಯಾಮಾದಲ್ಲಿ ಎರಡು, ಉಳಿದದ್ದು ಟೋಕಿಯೊ. ಒಟ್ಟು ಏಳು ದಿನ ಧಾರಾಳವಾಯಿತು. ಇಷ್ಟಕ್ಕೆ ದೇಶದಾದ್ಯಂತ ಓಡಾಡುವ ರೈಲು ಪಾಸ್ ಕೊಳ್ಳಬೇಡಿ. ಏಳು ದಿನದ ಸಾಮಾನ್ಯ ದರ್ಜೆಯ ಪಾಸ್ 2023ರ ಅಕ್ಟೋಬರಿನಲ್ಲಿ 29,650 ಯೆನ್‌ನಿಂದ 50,000ಕ್ಕೆ ಜಿಗಿಯಿತು. ಬಿಡಿ ಟಿಕೆಟ್‌ಗಳೇ ಅಗ್ಗ. ವೀಸಾ ಮಾತ್ರ ಹೊರಡುವ ಮೊದಲೇ ಕೈಯಲ್ಲಿರಬೇಕು.

ಮೆಟ್ಟಿಲುಗಳನ್ನು ಕೊನೆಗೆ ಇಟ್ಟುಕೊಳ್ಳಿ. ಟೋಕಿಯೊದ ಯೊತ್ಸುಯಾದಲ್ಲಿ ಸುಗಾ ದೇಗುಲದ ಪಕ್ಕ, ಕೆಂಪು ಕಂಬಿಯ ಕೈಹಿಡಿ. ಚಿತ್ರದಲ್ಲಿ ಆಕಾಶವೇ ತುಂಬಿಕೊಂಡಂತೆ ಕಾಣುವ ಜಾಗ ನಿಜದಲ್ಲಿ ಎರಡು ಮನೆಸಾಲುಗಳ ನಡುವಿನ ಓಣಿ. ತರಕಾರಿ ಚೀಲ ಹಿಡಿದು ಹತ್ತುವವರಿಗೆ ಅದು ದಿನನಿತ್ಯದ ದಾರಿ. ಬೆಳಿಗ್ಗೆ ಬೇಗ ಹೋಗಿ, ಗಲಾಟೆ ಮಾಡದೆ ಒಂದೆರಡು ಫೋಟೊ ತೆಗೆದು ದಾರಿ ಬಿಡಿ. ‘ಸ್ಲ್ಯಾಮ್ ಡಂಕ್’ ಎಂಬ ಅನಿಮೆಯಿಂದ ಹೆಸರಾದ ಕಾಮಾಕುರಾದ ಸಮುದ್ರದಂಚಿನ ರೈಲ್ವೆ ಗೇಟಿನಲ್ಲಿ ಜನ ರಸ್ತೆಯ ನಡುವೆಯೇ ನಿಂತು ಊರಿನವರ ತಾಳ್ಮೆ ಕೆಡಿಸಿದ್ದಾರೆ. ಆ ಸಾಲಿಗೆ ನೀವು ಸೇರಬೇಡಿ.

ನೀವು ಕೇಳಿಲ್ಲ, ಆದರೂ ಕನ್ನಡದ ಓದುಗರಲ್ಲಿ ಅರ್ಧದಷ್ಟು ಜನ ಮುಂದೆ ಕೇಳುವುದು ಊಟದ ವಿಷಯ. ಟಾಕಿಯ ತಂಡ ತಿನ್ನುವ ಗೊಹೆಇ ಮೊಚಿ ಎಂದರೆ ಅನ್ನವನ್ನು ಜಜ್ಜಿ, ಕಡ್ಡಿಗೆ ಮೆತ್ತಿ, ಗೊಜ್ಜು ಸವರಿ ಕೆಂಡದ ಮೇಲೆ ಸುಟ್ಟದ್ದು. ನೋಡಲು ಅಪ್ಪಟ ಸಸ್ಯಾಹಾರ. ಆದರೆ ಜಪಾನಿ ಅಡುಗೆಯಲ್ಲಿ ‘ದಾಶಿ’ ಎಂಬ ಒಣಮೀನಿನ ತಿಳಿಸಾರು ಎಲ್ಲಿ ಸೇರಿಕೊಂಡಿರುತ್ತದೆ ಎಂದು ಹೇಳಲಾಗದು. ‘ದಾಶಿ ಇದೆಯೇ’ ಎಂಬ ಒಂದು ಪ್ರಶ್ನೆಯನ್ನು ಜಪಾನಿಯಲ್ಲಿ ಬರೆಸಿ ಜೇಬಿನಲ್ಲಿ ಇಟ್ಟುಕೊಳ್ಳಿ.