ಘಿಬ್ಲಿ ಡಿಪಿಯೂ ನಾಲ್ಕು ಸೆಕೆಂಡಿನ ದೃಶ್ಯವೂ

2025ರ ಯುಗಾದಿಗೆ ನಮ್ಮ ಮನೆಯ ವಾಟ್ಸಾಪ್ ಗುಂಪಿಗೆ ಬೇವು-ಬೆಲ್ಲದ ಶುಭಾಶಯಗಳ ಜೊತೆ ಘಿಬ್ಲಿ ಚಿತ್ರಗಳೂ ಬಂದು ಬಿದ್ದವು. ಅಂದರೆ ಜಪಾನಿನ ಅನಿಮೇಶನ್ ಸಂಸ್ಥೆ ಸ್ಟುಡಿಯೊ ಘಿಬ್ಲಿಯ ಶೈಲಿಗೆ ಎಐ (ಕೃತಕ ಬುದ್ಧಿಮತ್ತೆ) ಇಳಿಸಿಕೊಟ್ಟ ನಮ್ಮದೇ ಫೋಟೊಗಳು. ಅತ್ತಿಗೆ, ಮಕ್ಕಳು, ಅಂಗಳದ ನಾಯಿ, ಎಲ್ಲರಿಗೂ ಒಂದೇ ಬಗೆಯ ದುಂಡು ಕಣ್ಣು, ಒಂದೇ ಬಗೆಯ ಕೆಂಪು ಕೆನ್ನೆ. ಸೋದರಮಾವನ ಹಣೆಯ ವಿಭೂತಿ ಪಟ್ಟೆ ಮಾತ್ರ ಬ್ಯಾಂಡೇಜ್ ಆಗಿಹೋಗಿತ್ತು. ಹತ್ತು ಹನ್ನೆರಡು ದಿನಕ್ಕೆ ಎಲ್ಲರ ಡಿಪಿಯೂ ಹಳೇ ಫೋಟೊಗೆ ಮರಳಿತು. ಸೆಪ್ಟೆಂಬರ್‌ನಲ್ಲಿ ಗೂಗಲ್‌ನ ಚಿತ್ರ ತೆಗೆಯುವ ಎಐ ನ್ಯಾನೋ ಬನಾನಾದ ಗಾಳಿ ಬೀಸಿದಾಗ ಅದೇ ಗುಂಪಿನಲ್ಲಿ ಹಳೇ ಸಿನಿಮಾ ಶೈಲಿಯ ಸೀರೆಗಳ ಸರದಿ.

ಚಿತ್ರ ಇಷ್ಟು ಸಲೀಸಾಗಿ ಸಿಗುವುದಾದರೆ ಚಿತ್ರಕಾರ ಯಾಕೆ ಬೇಕು? ಪ್ರಶ್ನೆ ಹಳೆಯದು. 1839ರಲ್ಲಿ ಪ್ಯಾರಿಸಿನಲ್ಲಿ ಡಾಗೆರ್‌ನ ಫೋಟೊ ತಂತ್ರ ಬಹಿರಂಗವಾದ ಮೇಲೂ ಇದೇ ಮಾತು ಹಬ್ಬಿತ್ತು. ಅಂಗೈಯಗಲದ ಭಾವಚಿತ್ರ ಬರೆದು ಹೊಟ್ಟೆ ಹೊರೆಯುತ್ತಿದ್ದವರ ಕಸುಬು ನಿಜಕ್ಕೂ ಹೋಯಿತು, ಚಿತ್ರಕಲೆ ಉಳಿಯಿತು. ನಮ್ಮಲ್ಲಿ ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಅಚ್ಚುಕೂಟ ತೆರೆದು ಲಕ್ಷ್ಮಿ, ಸರಸ್ವತಿಯರನ್ನು ಮನೆಮನೆಯ ಗೋಡೆಗೆ ತಂದ. ಆದರೂ ಅವನು ಕೈಯಾರೆ ಬರೆದ ಕ್ಯಾನ್ವಾಸ್ ನೋಡಬೇಕೆಂದರೆ ಜನ ಹೋಗುವುದು ಮೈಸೂರಿನ ಜಗನ್ಮೋಹನ ಅರಮನೆಗೇ.

ಈ ಹೋಲಿಕೆಯನ್ನು ತೀರಾ ಎಳೆಯಬಾರದು. ಕ್ಯಾಮೆರಾ ತನ್ನೆದುರಿನ ಜಗತ್ತನ್ನು ನೋಡಿತು. ಅಚ್ಚುಕೂಟ ರವಿವರ್ಮನ ಚಿತ್ರವನ್ನು ಅವನ ಹೆಸರಿನಲ್ಲೇ ಮಾರಿತು. ಈಗಿನ ಯಂತ್ರ ನೋಡಿರುವುದು ಬೇರೆಯವರು ಬರೆದಿಟ್ಟದ್ದನ್ನು, ಅದೂ ಹೇಳದೆ ಕೇಳದೆ.

2018ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ ಅಲ್ಗಾರಿದಂ ರಚಿಸಿದ ಒಂದು ಮಸುಕು ಭಾವಚಿತ್ರ 4,32,500 ಡಾಲರ್‌ಗೆ ಹೋಯಿತು. ಹರಾಜಿನವರ ಅಂದಾಜು ಹತ್ತು ಸಾವಿರವನ್ನೂ ದಾಟಿರಲಿಲ್ಲ. ಆ ಅಲ್ಗಾರಿದಂಗೆ ಉಣಿಸಿದ್ದು 15,000 ಹಳೆಯ ಭಾವಚಿತ್ರಗಳನ್ನು. ನಾಲ್ಕು ವರ್ಷದ ನಂತರ, 2022ರಲ್ಲಿ, ಮಾತಿನಲ್ಲಿ ಕೇಳಿದ ಚಿತ್ರವನ್ನು ತೆಗೆದುಕೊಡುವ ಮಿಡ್‌ಜರ್ನಿ ಮತ್ತು ಸ್ಟೇಬಲ್ ಡಿಫ್ಯೂಷನ್ ಜನಸಾಮಾನ್ಯರ ಕೈಗೆ ಬಂದಾಗ ಲೆಕ್ಕ ಕೋಟಿಗೆ ಏರಿತ್ತು. ಸ್ಟೇಬಲ್ ಡಿಫ್ಯೂಷನ್‌ಗೆ ಪಾಠ ಹೇಳಿದ್ದು ಲಯಾನ್ ಎಂಬ ಸಂಗ್ರಹದ ಭಾಗಗಳಿಂದ. ಇಡೀ ಸಂಗ್ರಹದಲ್ಲಿ ಅಂತರ್ಜಾಲದಿಂದ ಬಾಚಿದ ಸುಮಾರು 585 ಕೋಟಿ ಚಿತ್ರಗಳ ಕೊಂಡಿಗಳು, ಅವುಗಳ ವಿವರಣೆಯ ಜೊತೆಗೆ. ಚಿತ್ರದ ಮೇಲೆ ಹಳೇ ಟಿವಿಯ ಪರದೆಯಂತೆ ಚುಕ್ಕಿ ಸುರಿದು ಕೆಡಿಸಿ, ಆ ಚುಕ್ಕಿಗಳನ್ನು ತೆಗೆಯುವುದನ್ನು ಯಂತ್ರಕ್ಕೆ ಕಲಿಸುತ್ತಾರೆ. ಲೆಕ್ಕವಿಲ್ಲದಷ್ಟು ಸಲ ಕಲಿತ ಮೇಲೆ ಬರೀ ಚುಕ್ಕಿ ಕೊಟ್ಟರೂ ಅದು ಚಿತ್ರ ತೆಗೆಯುತ್ತದೆ. ಅಂದರೆ ಈ ಮೊದಲು ಜನ ಏನೇನು ಬರೆದಿದ್ದಾರೋ ಅದರ ಆಸುಪಾಸಿನ ಒಂದು ಊಹೆ.

ಪೋಲೆಂಡಿನ ಗ್ರೆಗ್ ರುಟ್ಕೋವ್‌ಸ್ಕಿಗೆ ಇದರ ಬಿಸಿ ಮೊದಲೇ ತಟ್ಟಿತು. ಡ್ರ್ಯಾಗನ್, ಕೋಟೆ, ಯುದ್ಧಗಳ ಚಿತ್ರಕಾರ ಆತ. ಯಂತ್ರಕ್ಕೆ ಕೊಡುವ ಸೂಚನೆಯಲ್ಲಿ ಅವನ ಹೆಸರು ಸೇರಿಸಿದರೆ ಚಿತ್ರ ಚೆನ್ನಾಗಿ ಬರುತ್ತದೆಂದು ಜನ ಕಂಡುಕೊಂಡರು. ಕೊನೆಗೆ ಅವನು ತನ್ನದೇ ಹೆಸರು ಹುಡುಕಿದರೆ ತಾನು ಬರೆಯದ ಚಿತ್ರಗಳು ಎದುರಾದವು. 2023ರ ಜನವರಿಯಲ್ಲಿ ಅಮೆರಿಕದ ಮೂವರು ಕಲಾವಿದರು ಈ ಯಂತ್ರಗಳ ಕಂಪನಿಗಳ ವಿರುದ್ಧ ಕೋರ್ಟ್ ಮೆಟ್ಟಿಲೇರಿದರು. ಇತ್ತ ಹಕ್ಕುಸ್ವಾಮ್ಯದ ಇನ್ನೊಂದು ಮೊಕದ್ದಮೆಯಲ್ಲಿ, ಕೃತಿಕಾರ ಮನುಷ್ಯನೇ ಆಗಿರಬೇಕು ಎಂದು ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ 2025ರ ಮಾರ್ಚ್ 18ರಂದು ತೀರ್ಪಿತ್ತಿತು. ಸರಿಯಾಗಿ ಒಂದು ವಾರಕ್ಕೆ ಓಪನ್‌ಎಐ ಚಾಟ್‌ಜಿಪಿಟಿಯ ಹೊಸ ಚಿತ್ರ ಸೌಲಭ್ಯವನ್ನು ತೆರೆಯಿತು. ಘಿಬ್ಲಿ ಗಾಳಿ ಎದ್ದಿದ್ದು ಅಲ್ಲಿಂದ.

ನಮ್ಮ ಜಿಪಿಯುಗಳು (ಈ ಲೆಕ್ಕ ಮಾಡುವ ಚಿಪ್‌ಗಳು) ಕರಗುತ್ತಿವೆ ಎಂದು ಆ ಕಂಪನಿಯ ಸ್ಯಾಮ್ ಆಲ್ಟ್‌ಮನ್ ಹೇಳಿಕೊಂಡರು. ಬದುಕಿರುವ ಒಬ್ಬೊಬ್ಬ ಕಲಾವಿದರ ಶೈಲಿಯನ್ನು ಅನುಕರಿಸಲು ಬಿಡುವುದಿಲ್ಲ, ಸ್ಟುಡಿಯೊಗಳ ಶೈಲಿಗೆ ಅಡ್ಡಿಯಿಲ್ಲ ಎಂಬುದು ಆಗ ಕಂಪನಿ ಹೇಳಿದ ನಿಯಮ. 1985ರಲ್ಲಿ ಸ್ಟುಡಿಯೊ ಘಿಬ್ಲಿಯನ್ನು ಕಟ್ಟಿದವರಲ್ಲಿ ಒಬ್ಬರಾದ ಹಯಾವೊ ಮಿಯಾಝಾಕಿ ಇನ್ನೂ ಬದುಕಿದ್ದಾರೆ, ಇನ್ನೂ ಬರೆಯುತ್ತಾರೆ. ಆ ದುಂಡು ಕಣ್ಣು ಅವರದಲ್ಲದೆ ಮತ್ತಾರದು? (ಅಂದಹಾಗೆ ಜಪಾನಿನವರ ಬಾಯಲ್ಲಿ ಅದು ‘ಜಿಬುರಿ’.)

ಅದೇ ವಾರ ಅಮೆರಿಕದ ಶ್ವೇತಭವನ, ವಲಸೆ ಅಧಿಕಾರಿಗಳು ಬಂಧಿಸಿದ ಹೆಂಗಸೊಬ್ಬಳು ಕೋಳ ತೊಟ್ಟು ಅಳುವುದನ್ನು ಘಿಬ್ಲಿ ಶೈಲಿಗೆ ಇಳಿಸಿ ಎಕ್ಸ್‌ನಲ್ಲಿ ಹಾಕಿತು. 2003ರಲ್ಲಿ ತಮಗೆ ಆಸ್ಕರ್ ಬಂದಾಗ ಮಿಯಾಝಾಕಿ ಅಮೆರಿಕಕ್ಕೆ ಹೋಗಿರಲಿಲ್ಲ. ಇರಾಕಿನ ಮೇಲೆ ಬಾಂಬ್ ಹಾಕುತ್ತಿರುವ ದೇಶಕ್ಕೆ ಹೋಗಲು ಮನಸ್ಸಾಗಲಿಲ್ಲ ಎಂದು ಆಮೇಲೆ ಹೇಳಿದರು. ಗೆರೆ, ಬಣ್ಣ, ಮೋಡ, ಹುಲ್ಲು ಎಲ್ಲವೂ ಯಂತ್ರಕ್ಕೆ ದಕ್ಕಿದ್ದವು. ಇದನ್ನು ಬರೆಯಲಾರೆ ಎಂದು ಕುಂಚ ಕೆಳಗಿಡುವುದು ಅದರ ಪಾಠದಲ್ಲಿ ಇರಲಿಲ್ಲ.

‘ಇದು ಜೀವಕ್ಕೇ ಅವಮಾನ’ ಎಂಬ ಮಿಯಾಝಾಕಿ ಮಾತು ಆ ದಿನಗಳಲ್ಲಿ ಬಹಳ ಓಡಾಡಿತು. ಅದು ಡಿಪಿಗಳ ಬಗ್ಗೆ ಆಡಿದ್ದಲ್ಲ. ಎನ್‌ಎಚ್‌ಕೆ ವಾಹಿನಿ 2016ರಲ್ಲಿ ತೋರಿಸಿದ ಸಾಕ್ಷ್ಯಚಿತ್ರದಲ್ಲಿ ಕೆಲವರು ಅವರೆದುರು, ತಲೆಯನ್ನೇ ಕಾಲಿನಂತೆ ಊರಿ ತೆವಳುವ ಕಂಪ್ಯೂಟರ್ ಆಕೃತಿಯೊಂದನ್ನು ಇಡುತ್ತಾರೆ. ಝಾಂಬಿ ಆಟಕ್ಕೆ ಆದೀತು ಎನ್ನುತ್ತಾರೆ. ಕೈಯೆತ್ತಲೂ ಕಷ್ಟಪಡುವ ತಮ್ಮ ಅಂಗವಿಕಲ ಗೆಳೆಯರೊಬ್ಬರನ್ನು ನೆನೆದು ಮಿಯಾಝಾಕಿ ಆ ಮಾತು ಆಡಿದರು. ಚಲನೆಯನ್ನು ಕಂಡಾಗ ಅವರಿಗೆ ನೆನಪಾದದ್ದು ಒಬ್ಬ ಮನುಷ್ಯ.

ಕಲೆ ಉಳಿಯುತ್ತದೆ ಬಿಡಿ ಎಂದು ನಾವು ಸಮಾಧಾನ ಹೇಳಿಕೊಳ್ಳಬಹುದು, ಆದರೆ ಪೋಸ್ಟರ್, ಪುಸ್ತಕದ ಮುಖಪುಟ, ಮದುವೆ ಕರೆಯೋಲೆ ಬರೆದು ಬಾಡಿಗೆ ಕಟ್ಟುವ ಹುಡುಗನಿಗೆ ಅದರಿಂದ ಏನೂ ದಕ್ಕುವುದಿಲ್ಲ. ಅಂಗೈಯಗಲದ ಭಾವಚಿತ್ರಕಾರರ ಪಾಡು ಮೊದಲು ಬರುವುದು ಅವನಿಗೆ. ಮುಂದಿನ ಟ್ರೆಂಡಿಗೆ ಕದಿಯಲು ಒಂದು ಹೊಸ ಶೈಲಿ ಬೇಕಾದರೂ ಅಂಥವನೊಬ್ಬ ಹತ್ತು ವರ್ಷ ಕೂತು ಕೈ ಪಳಗಿಸಬೇಕು.

ಮಿಯಾಝಾಕಿಯವರ 2013ರ ‘ದಿ ವಿಂಡ್ ರೈಸಸ್’ ಚಿತ್ರದಲ್ಲಿ ಜನಜಂಗುಳಿಯ ಒಂದು ದೃಶ್ಯವಿದೆ. ಗಂಟು ಹೊತ್ತವರು, ಒಬ್ಬರನ್ನೊಬ್ಬರು ತಳ್ಳುವವರು, ಒಬ್ಬೊಬ್ಬರ ನಡಿಗೆಯೂ ಬೇರೆ ಬೇರೆ. ತೆರೆಯ ಮೇಲೆ ಅದು ಇರುವುದು ನಾಲ್ಕು ಸೆಕೆಂಡು. ಏಜಿ ಯಾಮಾಮೊರಿ ಎಂಬ ಅನಿಮೇಟರ್ ಅದನ್ನು ಕೈಯಲ್ಲೇ ಬರೆದು ಮುಗಿಸಲು ತೆಗೆದುಕೊಂಡದ್ದು ಒಂದು ವರ್ಷ ಮೂರು ತಿಂಗಳು. ಮುಗಿಸಿದ ಮೇಲೆ, ಎಷ್ಟು ಚಿಕ್ಕದಾಯಿತು ಎಂದು ಅವರು ಪೇಚಾಡಿಕೊಂಡರು. ಪಟ್ಟ ಪಾಡು ಸಾರ್ಥಕ ಎಂದರು ಮಿಯಾಝಾಕಿ.